ಏಳೂವರೆ ನಿಮಿಷದ ನೀರು: ಒಂದು ಹತ್ತಿ ಮಿಲ್ ಬೆಂಕಿಯ ಪ್ರಕರಣ

ಇದು ರಾಯಚೂರು ಜಿಲ್ಲೆಯಲ್ಲಿ ನಡೆದದ್ದು. ಆಗ ನಾನು ಅಲ್ಲಿನ ಒಂದು ಅಗ್ನಿಶಾಮಕ ಠಾಣೆಯ ಅಧಿಕಾರಿಯಾಗಿದ್ದೆ. ಈಗ ನಿವೃತ್ತನಾಗಿದ್ದೇನೆ. ಮಿಲ್ಲಿನ ಹೆಸರು, ಊರು, ವರ್ಷ, ಅಲ್ಲಿದ್ದವರ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಆದರೆ ಯಾವುದರ ನಂತರ ಯಾವುದು ನಡೆಯಿತು, ನಾವು ಏನು ತೀರ್ಮಾನ ಮಾಡಿದೆವು, ಎಲ್ಲಿ ತಪ್ಪಿದೆವು ಎಂಬುದನ್ನು ಮುಟ್ಟಿಲ್ಲ. ಬೇರೆ ಠಾಣೆಯವರಿಗೆ, ಮಿಲ್ಲಿನವರಿಗೆ, ನಗರಸಭೆಯವರಿಗೆ ಬೇಕಾಗುವುದು ಅದೇ ಅಲ್ವಾ.

ಹಿನ್ನೆಲೆ

ರಾಯಚೂರು ಸೀಮೆಯಲ್ಲಿ ನೀರಾವರಿ ಇರುವ ಕಡೆ ಭತ್ತ, ಎರೆ ಹೊಲದಲ್ಲಿ ಹತ್ತಿ. ದಸರಾ ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸುವುದು ಶುರುವಾದರೆ ಫೆಬ್ರವರಿ ದಾಟುವ ತನಕ ಮಾರುಕಟ್ಟೆಗೆ ಗಾಡಿ ಬರುತ್ತಲೇ ಇರುತ್ತವೆ. ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಒಂದು ಕಡೆ, ಅರಳೆ ಒಂದು ಕಡೆ ಬೇರೆಯಾಗುತ್ತದೆ. ಅರಳೆ ಗಾಳಿಕೊಳವೆಯಲ್ಲಿ ಹಾರಿಕೊಂಡು ಹೋಗಿ ಒಂದು ದೊಡ್ಡ ಹಾಲ್‌ನಲ್ಲಿ ಗುಡ್ಡೆ ಬೀಳುತ್ತದೆ. ಆಮೇಲೆ ಪ್ರೆಸ್‌ನಲ್ಲಿ ಒತ್ತಿ ಬೇಲ್ ಕಟ್ಟುತ್ತಾರೆ. ಒಂದು ಬೇಲ್ ಸುಮಾರು 170 ಕೆ.ಜಿ. ಆ ಆರು ತಿಂಗಳು ನಮ್ಮ ಠಾಣೆಯವರ ಕಿವಿ ಯಾವಾಗಲೂ ಮಿಲ್ಲುಗಳ ಕಡೆಗೇ ಇರುತ್ತದೆ.

ಇನ್ನು ನಮ್ಮ ಇಲಾಖೆಯ ವಿಷಯ. ಇದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜನ 'ಊರಿನ ಫೈರ್ ಸ್ಟೇಷನ್' ಅಂತಾರೆ, ನಗರಸಭೆಯದ್ದು ಅಂದುಕೊಂಡಿರುತ್ತಾರೆ. ಮುಂಬಯಿಯಲ್ಲಿ ಹಾಗಿದೆ. ಅಲ್ಲಿನ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯ ಕೆಳಗೆ ಬರುತ್ತದೆ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಸೇರಿದ 12ನೇ ಅನುಸೂಚಿಯಲ್ಲೂ ನಗರಸಭೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಅಗ್ನಿಶಾಮಕ ಸೇವೆ ಒಂದು. ಆದರೆ ಕರ್ನಾಟಕದಲ್ಲಿ ಇದು ರಾಜ್ಯ ಸರ್ಕಾರದ ಗೃಹ ಇಲಾಖೆಯ ಕೆಳಗಿದೆ. ಬೆಂಗಳೂರಿನಲ್ಲಿ ಮಹಾನಿರ್ದೇಶಕರು, ಪ್ರಾದೇಶಿಕ ಅಧಿಕಾರಿ, ಜಿಲ್ಲಾ ಅಗ್ನಿಶಾಮಕ ಅಧಿಕಾರಿ, ಠಾಣಾಧಿಕಾರಿ, ಸಹಾಯಕ ಠಾಣಾಧಿಕಾರಿ, ಪ್ರಮುಖ ಅಗ್ನಿಶಾಮಕ, ಚಾಲಕ, ಅಗ್ನಿಶಾಮಕ, ಹೀಗೆ ಸಾಲು ಇಳಿಯುತ್ತದೆ.

ಈ ಏರ್ಪಾಡಿಗೆ ಒಂದು ಚರಿತ್ರೆ ಇದೆ. ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು, 1956ರ ನವೆಂಬರ್ 1ರಂದು ಸೇರಿತು. ಆಗ ಕೊಪ್ಪಳ ರಾಯಚೂರು ಜಿಲ್ಲೆಯೊಳಗೇ ಇತ್ತು, 1997ರಲ್ಲಿ ಬೇರೆ ಜಿಲ್ಲೆಯಾಯಿತು. ಬೇರೆ ಬೇರೆ ಆಡಳಿತದಿಂದ ಬಂದ ಊರುಗಳು ಒಂದೇ ರಾಜ್ಯವಾದ ಮೇಲೆ, 1964ರ ಅಗ್ನಿಶಾಮಕ ದಳ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ದಳ, ಒಂದೇ ತರಬೇತಿ, ಒಂದೇ ಶಿಸ್ತು ಎಂದು ಮಾಡಿತು. ಇದರ ಲಾಭ ಎಷ್ಟು ದೊಡ್ಡದು ಅಂತ ಆ ದಿನ ಕಣ್ಣಾರೆ ಕಂಡೆ. ಪಕ್ಕದ ತಾಲ್ಲೂಕಿನ ಗಾಡಿ ಬಂದು ತನ್ನ ಹೋಸನ್ನು, ಅಂದರೆ ನೀರಿನ ಪೈಪನ್ನು, ನಮ್ಮ ಹೋಸಿಗೆ ಜೋಡಿಸಿದಾಗ 'ಟಕ್' ಅಂತ ಕೂತಿತು. ಎರಡೂ 63 ಮಿ.ಮೀ., ಎರಡಕ್ಕೂ ಒಂದೇ ನಮೂನೆಯ ಕಪ್ಲಿಂಗ್, ಅಂದರೆ ಪೈಪಿಗೆ ಪೈಪು ಜೋಡಿಸುವ ಬಾಯಿ.

ನಷ್ಟವೂ ಇದೆ. ಗಾಡಿ ಗೃಹ ಇಲಾಖೆಯದ್ದು. ನೀರು ನಗರಸಭೆಯದ್ದು. ಕಾಲುವೆ ನೀರಾವರಿ ಇಲಾಖೆಯದ್ದು. ಕರೆಂಟ್ ವಿದ್ಯುತ್ ಕಂಪನಿಯದ್ದು. ಬೆಂಕಿ ಬಿದ್ದ ಜಾಗದಲ್ಲಿ ನೀರಿನ ಹೊಣೆ ಇರುವವರಿಗೆ ಇಂತಿಷ್ಟು ಒತ್ತಡದಲ್ಲಿ ನೀರು ಬಿಡಿ ಎಂದು ಹೇಳುವ ಅಧಿಕಾರ, ಯಾರದೇ ಬಾವಿ, ಕೆರೆ, ತೊಟ್ಟಿಯ ನೀರನ್ನು ಬಳಸುವ ಅಧಿಕಾರ ಕಾಯ್ದೆಯಲ್ಲಿ ನಮಗಿದೆ. ಆದರೆ ಕಾಯ್ದೆಯಿಂದ ವಾಲ್ವ್ ತಿರುಗುವುದಿಲ್ಲ. ವಾಲ್ವ್ ತಿರುಗಿಸುವ ಕೀಲಿ ಒಬ್ಬ ಮನುಷ್ಯನ ಮನೆಯಲ್ಲಿರುತ್ತದೆ. ಆ ಮನುಷ್ಯನ ಫೋನ್ ನಂಬರ್ ನಮ್ಮ ಹತ್ತಿರ ಇರಲಿಲ್ಲ.

ಬೆಂಕಿ ಹತ್ತಿದ್ದು

ಫೆಬ್ರವರಿ ತಿಂಗಳು. ಮಧ್ಯಾಹ್ನ ಒಂದೂವರೆ ಸುಮಾರು. ಹತ್ತಿಯ ಜೊತೆ ಬಂದ ಒಂದು ಕಬ್ಬಿಣದ ಚೂರು, ಬಹುಶಃ ಗಾಡಿಯ ಮೊಳೆ, ಜಿನ್ನಿನೊಳಗೆ ಹೋಗಿ ಕಿಡಿ ಎದ್ದಿದೆ. ಸೀಸನ್ನಿನಲ್ಲಿ ಇದು ಹೊಸದೇನಲ್ಲ. ಕಿಡಿ ಬಿದ್ದ ಅರಳೆ ಅಲ್ಲೇ ಹೊತ್ತಿ ಉರಿದಿದ್ದರೆ ಕೆಲಸಗಾರರೇ ಆರಿಸಿಬಿಡುತ್ತಿದ್ದರು. ಅದು ಗಾಳಿಕೊಳವೆಯೊಳಗೆ ಹಾರಿ, ಐವತ್ತು ಅಡಿ ಆಚೆಗಿದ್ದ ಅರಳೆ ಗುಡ್ಡೆಯ ಮೇಲೆ ಬಿತ್ತು.

ಮೊದಲ ಇಪ್ಪತ್ತು ನಿಮಿಷ ಯಾರೂ ನಮಗೆ ಫೋನ್ ಮಾಡಲಿಲ್ಲ. ಆಮೇಲೆ ಎಲ್ಲರನ್ನೂ ಕೂರಿಸಿ ಕೇಳಿದಾಗ ಒಂದೇ ಉತ್ತರ: ನಾವೇ ಆರಿಸ್ತೀವಿ ಅಂದುಕೊಂಡಿದ್ದೆವು. ಗೋಣಿಚೀಲ ಒದ್ದೆ ಮಾಡಿ ಬಡಿದರು. ಬಕೆಟ್ಟಿನಲ್ಲಿ ನೀರು ಎರಚಿದರು. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಈ ಹೊತ್ತಿನಲ್ಲಿ ಎರಡು ಸಂಗತಿ ನಡೆದವು. ಪ್ರಕರಣದ ಮೊದಲ ತಿರುವು ಇವೇ.

ಒಂದು, ಗಾಳಿಕೊಳವೆಯ ಫ್ಯಾನ್ ತಿರುಗುತ್ತಲೇ ಇತ್ತು. ಗುಡ್ಡೆಯ ಬುಡಕ್ಕೆ ಅದು ಗಾಳಿ ಊದುತ್ತಿತ್ತು, ಕುಲುಮೆಯ ತಿದಿಯ ಹಾಗೆ. ಅದನ್ನು ಯಾರೂ ಗಮನಿಸಲಿಲ್ಲ.

ಎರಡು, ಕೊನೆಗೆ ಗಮನಿಸಿದ ಒಬ್ಬ ಹುಡುಗ ಓಡಿಹೋಗಿ ಇಡೀ ಮಿಲ್ಲಿನ ಮೇನ್ ಆಫ್ ಮಾಡಿದ. ಸರಿಯಾದ್ದನ್ನೇ ಮಾಡಿದ. ಫ್ಯಾನ್ ನಿಂತಿತು. ಜೊತೆಗೆ ಬೋರ್‌ವೆಲ್ ಮೋಟಾರೂ ನಿಂತಿತು. ಮಿಲ್ಲಿನಲ್ಲಿ ಹೈಡ್ರಂಟ್ ಪೈಪಿತ್ತು, ಬೆಂಕಿ ಆರಿಸಲೆಂದೇ ಇರುವ ನೀರಿನ ಪೈಪು, ಕೆಂಪು ಬಣ್ಣ ಬಳಿದು ಚೆಂದ ಇಟ್ಟಿದ್ದರು. ಅದಕ್ಕೆ ನೀರು ಕೊಡುವ ಪಂಪು ಕೂಡ ಅದೇ ಮೇನ್‌ನಿಂದ ಕರೆಂಟ್ ಪಡೆಯುತ್ತಿತ್ತು. ಬೆಂಕಿ ಬಿದ್ದಾಗ ಮೊದಲು ಕರೆಂಟ್ ತೆಗೆಯಬೇಕು, ಕರೆಂಟ್ ತೆಗೆದರೆ ನೀರು ಇಲ್ಲ. ಈ ಗಂಟು ಹಾಕಿದ ವೈರಿಂಗಿನವನಿಗೂ ಹೊಳೆದಿರಲಿಲ್ಲ, ಮಿಲ್ಲಿನವರಿಗೂ ಹೊಳೆದಿರಲಿಲ್ಲ. ಒಪ್ಪಿಕೊಳ್ಳಬೇಕು, ಹಿಂದಿನ ವರ್ಷ ಆ ಮಿಲ್ಲಿಗೆ ತಪಾಸಣೆಗೆ ಹೋಗಿದ್ದ ನನಗೂ ಹೊಳೆದಿರಲಿಲ್ಲ. ಪೈಪಿದೆಯಾ, ವಾಲ್ವಿದೆಯಾ, ಹೋಸಿದೆಯಾ ನೋಡಿದೆ. ಪಂಪನ್ನು ಚಾಲೂ ಮಾಡಿಸಿಯೂ ನೋಡಿದೆ. ಮೇನ್ ಆಫ್ ಮಾಡಿ ಚಾಲೂ ಮಾಡಿ ಅಂತ ಹೇಳಲಿಲ್ಲ.

ಕರೆ ಬಂದದ್ದು 1 ಗಂಟೆ 50 ನಿಮಿಷಕ್ಕೆ. 101ಕ್ಕೆ ಮಾಡಿದವರಿದ್ದರು, 112ಕ್ಕೆ ಮಾಡಿದವರೂ ಇದ್ದರು. 'ಸಾಹುಕಾರ್ರ ಮಿಲ್ಲಿಗೆ ಬೆಂಕಿ ಬಿದ್ದೈತ್ರಿ, ಜಲ್ದಿ ಬರ್ರಿ' ಎಂದು ಹೇಳಿ ಇಟ್ಟುಬಿಟ್ಟರು. ಆ ರಸ್ತೆಯಲ್ಲಿ ಜನ ಸಾಹುಕಾರ್ರ ಮಿಲ್ ಅಂತ ಕರೆಯುವ ಮಿಲ್ಲುಗಳು ಮೂರು. ನಾವು ಮೊದಲು ಬೇರೆ ಗೇಟಿಗೆ ಹೋದೆವು. ಹೊಗೆ ಕಾಣುತ್ತಿತ್ತು, ಆದರೆ ಅಲ್ಲಿಗೆ ಹೋಗುವ ದಾರಿ ಸುತ್ತಿಕೊಂಡು ಬರಬೇಕಿತ್ತು. ನಾಲ್ಕು ನಿಮಿಷ ಅಲ್ಲೇ ಹೋಯಿತು. ಸ್ಥಳಕ್ಕೆ ಮುಟ್ಟಿದಾಗ 2 ಗಂಟೆ 8 ನಿಮಿಷ.

ಠಾಣೆಯ ಇನ್ನೊಂದು ಗಾಡಿ ಕಾಲುವೆಗೆ ಬಿದ್ದವರನ್ನು ಹುಡುಕಲು ಹೋಗಿತ್ತು. ನಮ್ಮ ಗಾಡಿಯಲ್ಲಿ ಚಾಲಕ ಸೇರಿ ಐದು ಜನ, ಜೊತೆಗೆ ನಾನು. ಟ್ಯಾಂಕಿನಲ್ಲಿ 4,500 ಲೀಟರ್ ನೀರು.

ಏಳೂವರೆ ನಿಮಿಷ

ಇಲ್ಲಿ ಒಂದು ಲೆಕ್ಕ ಹೇಳಬೇಕು. ಸಾಮಾನ್ಯ ಜನರಿಗೆ ಇದು ಗೊತ್ತಿರುವುದಿಲ್ಲ. ಗಾಡಿ ಬಂತು ಅಂದರೆ ನೀರು ಬಂತು ಅಂತಲೇ ಎಲ್ಲರ ನಂಬಿಕೆ. 20 ಮಿ.ಮೀ. ನಾಝಲ್‌ನಿಂದ 5 ಬಾರ್ ಒತ್ತಡದಲ್ಲಿ ಒಂದು ಜೆಟ್ ಹೊಡೆದರೆ ನಿಮಿಷಕ್ಕೆ ಸುಮಾರು 600 ಲೀಟರ್ ಹೋಗುತ್ತದೆ. 4,500 ಲೀಟರ್ ಅಂದರೆ ಏಳೂವರೆ ನಿಮಿಷ. ಎರಡು ಜೆಟ್ ಹೊಡೆದರೆ ನಾಲ್ಕು ನಿಮಿಷವೂ ಇಲ್ಲ. ಆಮೇಲೆ ಅದು ಕೆಂಪು ಬಣ್ಣದ ಖಾಲಿ ಲಾರಿ ಅಷ್ಟೇ.

ನಾನು ಒಂದು ಜೆಟ್ ಹಾಕಿಸಿದೆ, ನೇರ ಗುಡ್ಡೆಗೆ. ಇದು ನನ್ನ ತಪ್ಪು. ಅರಳೆ ಕಟ್ಟಿಗೆಯಲ್ಲ. ಜೋರು ಜೆಟ್ ಬಿದ್ದ ಕಡೆ ಉರಿಯುವ ಅರಳೆ ಸಿಡಿದು ಹಾರಿತು. ಕಿಡಿಗಳ ಹತ್ತಾರು ಉಂಡೆಗಳು ಹಾಲಿನ ಆ ಬದಿಗೆ ಹೋಗಿ ಬಿದ್ದವು. ಅಲ್ಲಿ ನೆಲದ ಮೇಲೆ ಚೆಲ್ಲಿದ್ದ ನವಿರು ಅರಳೆಯ ಮೇಲೆ ಬೆಂಕಿ ಓಡಿತು. ನೀರಿನ ಮೇಲೆ ಎಣ್ಣೆ ಹರಡುತ್ತದಲ್ಲ, ಹಾಗೆ. ಎರಡು ಉಸಿರು ತೆಗೆಯುವಷ್ಟರಲ್ಲಿ ಬಾಗಿಲಿನ ತನಕ ಬಂತು. ನಮ್ಮ ಹುಡುಗನೊಬ್ಬ ಹಿಂದಕ್ಕೆ ಹಾರಿದ. ನಾನು ಕೂಗಿ ಜೆಟ್ ನಿಲ್ಲಿಸಿದೆ. ಅಷ್ಟರಲ್ಲಿ ಅರ್ಧ ಟ್ಯಾಂಕ್ ಖಾಲಿ.

ಆಗ ಒಂದು ನಿಮಿಷ ಸುಮ್ನೆ ನಿಂತು ನೋಡಿದೆ. ಆ ಒಂದು ನಿಮಿಷ ನಿಂತದ್ದೇ ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಎಂದು ಈಗ ಅನ್ನಿಸುತ್ತದೆ. ಅರಳೆ ಬಿದ್ದಿದ್ದ ಹಾಲ್ ಹೋದಂತೆಯೇ. ಅದರ ಎಡಕ್ಕೆ, ಒಂದು ಇಟ್ಟಿಗೆ ಗೋಡೆಯ ಆಚೆ, ಪ್ರೆಸ್ ಹಾಲ್. ಅದಕ್ಕೆ ಅಂಟಿಕೊಂಡು ಬೇಲ್ ಗೋದಾಮು. ಗೋಡೆಯಲ್ಲಿ ಅರಳೆ ದಾಟಿಸಲು ಒಂದು ಕಿಂಡಿ, ಅದಕ್ಕೆ ಮರದ ಬಾಗಿಲು. ಅದು ಆಗಲೇ ಕಪ್ಪಾಗುತ್ತಿತ್ತು. ಉಳಿದಿರುವ 2,000 ಚಿಲ್ಲರೆ ಲೀಟರ್ ಗುಡ್ಡೆಗೆ ಸುರಿದರೆ ನಾಲ್ಕು ನಿಮಿಷಕ್ಕೆ ಮುಗಿಯುತ್ತದೆ. ಗುಡ್ಡೆಯೂ ಆರುವುದಿಲ್ಲ, ಗೋದಾಮೂ ಉಳಿಯುವುದಿಲ್ಲ.

ಜೆಟ್ ತೆಗೆಸಿ ಹೋಸ್ ರೀಲ್, ಅಂದರೆ ಗಾಡಿಯಲ್ಲೇ ಸುತ್ತಿಟ್ಟಿರುವ ಸಣ್ಣ ಪೈಪು, ಹಿಡಿಸಿದೆ. ಸ್ಪ್ರೇ ಮಾಡಿ ಕಿಂಡಿ ಮತ್ತು ಗೋಡೆ ಮಾತ್ರ ತಣ್ಣಗಿಡಿ ಅಂದೆ.

ಮಿಲ್ಲಿನ ಮಾಲೀಕರು ನನ್ನ ಕೈ ಹಿಡಿದು ಎಳೆದರು. ಕಣ್ಣಲ್ಲಿ ನೀರಿತ್ತು. "ಸಾಹೇಬ್ರ, ಮಾಲೆಲ್ಲಾ ಅಲ್ಲಿ ಸುಡಾಕತ್ತೈತಿ, ನೀವು ಗ್ವಾಡಿಗೆ ನೀರ್ ಹೊಡೀತೀರಲ್ರೀ!"

ಏನು ಹೇಳಲಿ? "ಯಜಮಾನ್ರೇ, ಅದು ಹೋತು. ಗೋದಾಮು ಉಳಿಸೋಣ್ರಿ. ನಿಮ್ಮ ಹಮಾಲರನ್ನ ನನಗ ಕೊಡ್ರಿ," ಅಂದೆ. ಅವರು ಒಂದು ಕ್ಷಣ ನೋಡಿದರು. ಆಮೇಲೆ ತಾವೇ ಗೋದಾಮಿನ ಕಡೆ ಓಡಿದರು. ಅವರು ಆಗ ಜಗಳಕ್ಕೆ ನಿಂತಿದ್ದರೆ ಏನಾಗುತ್ತಿತ್ತೋ. ಇಂಥ ಹೊತ್ತಿನಲ್ಲಿ ಮಾಲೀಕರಿಗೆ ಒಂದು ಕೆಲಸ ಕೊಡಬೇಕು, ಸಮಾಧಾನದ ಮಾತಿಗಿಂತ ಅದು ಕೆಲಸಕ್ಕೆ ಬರುತ್ತದೆ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ನೀರು ಹುಡುಕಿದ್ದು

ನಗರಸಭೆಯ ನೀರು ತುಂಬುವ ಜಾಗ ಐದು ಕಿ.ಮೀ. ದೂರ. ಹೋಗಿ, ತುಂಬಿಕೊಂಡು, ಬರಲು ಮುಕ್ಕಾಲು ಗಂಟೆ. ಇದ್ದ ಒಂದೇ ಗಾಡಿಯನ್ನು ಅಲ್ಲಿಗೆ ಕಳಿಸಿದರೆ ಗೋಡೆಯ ಮುಂದೆ ಬರಿಗೈ. ಮಿಲ್ಲಿಗೆ ಹತ್ತಿರ ನಗರಸಭೆಯ ಪೈಪ್‌ಲೈನ್ ಹಾದುಹೋಗಿತ್ತು, ವಾಲ್ವ್ ಕೂಡ ಇತ್ತು. ವಾಲ್ವ್‌ಮನ್ ಸಿಗಲಿಲ್ಲ. ಅರ್ಧ ಕಿ.ಮೀ. ದೂರದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ. ಆ ವಾರ ನೀರಿನ ಸರದಿ ಬೇರೆ ಕಡೆಗಿತ್ತು. ತಳದಲ್ಲಿ ಪಾದ ಮುಳುಗುವಷ್ಟು ಕೆಸರು ನೀರು.

ಖಾಸಗಿ ನೀರಿನ ಟ್ಯಾಂಕರ್‌ನವರಿಗೆ ಹೇಳಿ ಕಳಿಸಿದೆವು. ಅವರು ಬಂದರು, ಕೇಳದೆಯೂ ಬಂದರು. ಎರಡೂವರೆಗೆಲ್ಲ ಮೂರು ಟ್ರ್ಯಾಕ್ಟರ್ ಟ್ಯಾಂಕರ್ ಗೇಟಿನಲ್ಲಿ. ಆದರೆ ಅವರ ಪೈಪಿನ ಬಾಯಿಯೇ ಬೇರೆ, ನಮ್ಮ ಕಪ್ಲಿಂಗೇ ಬೇರೆ. ಜೋಡಿಸಲು ಆಗದು. ಅವರ ರಬ್ಬರ್ ಪೈಪನ್ನು ನಮ್ಮ ಗಾಡಿಯ ನೆತ್ತಿಗೆ ಎತ್ತಿ, ಮೇಲಿನ ಮುಚ್ಚಳದಿಂದ ಸುರಿಯಬೇಕು. ಟ್ಯಾಂಕರ್‌ಗಿಂತ ನಮ್ಮ ಗಾಡಿಯ ನೆತ್ತಿ ಎತ್ತರ. ನೀರು ತಾನಾಗಿ ಹತ್ತುವುದಿಲ್ಲ. ಒಂದರಲ್ಲಿ ಮಾತ್ರ ಸಣ್ಣ ಮೋಟಾರಿತ್ತು, ಅದರಿಂದ ಸ್ವಲ್ಪ ಸ್ವಲ್ಪ ಬಂತು. ಉಳಿದ ಎರಡರ ನೀರನ್ನು ಹಮಾಲರು ಕೊಡದಲ್ಲಿ ಹೊತ್ತು ಗೋದಾಮಿನ ನೆಲಕ್ಕೆ ಸುರಿದರು. ಗೇಟಿನಲ್ಲಿ ಹತ್ತು ಸಾವಿರ ಲೀಟರ್‌ಗೂ ಜಾಸ್ತಿ ನೀರು ನಿಂತಿತ್ತು. ಒಂದು ಅಂಗೈ ಅಗಲದ ಕಪ್ಲಿಂಗ್ ಇಲ್ಲದೆ ಅದು ನಮಗೆ ಸಿಗಲಿಲ್ಲ. ಆ ಸಂಕಟ ಈಗಲೂ ನೆನಪಿದೆ.

ಎರಡನೇ ತಿರುವು ಬಂದದ್ದು ಒಬ್ಬ ಹಿರಿಯ ಹಮಾಲರಿಂದ. ಅರವತ್ತರ ಹತ್ತಿರದ ವಯಸ್ಸು. ಹೆಗಲ ಮೇಲೆ ಟವೆಲ್. ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು. "ಸರ್ರ, ಮಿಲ್ಲಿನ ಹಿಂದ್ಲ ಹೊಲದಾಗ ಹೊಂಡ ಐತ್ರಿ. ಮೊನ್ನೆರ ಕಾಲಿವಿ ನೀರು ತುಂಬಸ್ಯಾರ್ರಿ."

ಕೃಷಿ ಹೊಂಡ! 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಇಂಥ ಹೊಂಡಗಳು ಎಷ್ಟೋ ಹೊಲಗಳಲ್ಲಿ ಬಂದಿವೆ. ದಿನಾ ಆ ರಸ್ತೆಯಲ್ಲಿ ಓಡಾಡುವ ನಮಗೆ ಅದು ಕಂಡಿರಲಿಲ್ಲ. ಹಿಂದಿನ ಗೋಡೆಯಿಂದ ನೂರೆಂಬತ್ತು ಮೀಟರ್.

ಗಾಡಿ ಅಲ್ಲಿಗೆ ಹೋಗದು. ನಡುವೆ ನೀರು ಹಾಯಿಸಿದ ಎರೆ ಹೊಲ. ಅದರಲ್ಲಿ ಇಳಿದರೆ ಗಾಡಿ ಅಚ್ಚಿನ ತನಕ ಹೂತುಹೋಗುತ್ತದೆ. ಗಾಡಿಯಲ್ಲಿದ್ದ ಪೋರ್ಟಬಲ್ ಪಂಪನ್ನು ಇಳಿಸಿದೆವು. ನಾಲ್ಕು ಹಮಾಲರು ಅದನ್ನು ಬೇಲ್ ಎತ್ತಿದ ಹಾಗೆ ಎತ್ತಿ ಬದುವಿನ ಮೇಲೆ ನಡೆದರು. ಹಿಂದೆ ಹುಡುಗರು ಹೋಸ್ ಉರುಳಿಸುತ್ತಾ ಬಂದರು. ಒಂದೊಂದು 15 ಮೀಟರ್, ಒಟ್ಟು ಹನ್ನೆರಡು.

ಹೊಂಡದ ಬದಿಯಲ್ಲಿ ಸಕ್ಷನ್ ಹೋಸ್ ಬಿಟ್ಟೆವು. ಪಂಪ್ ಚಾಲೂ ಆಯಿತು, ನೀರು ಏರಲಿಲ್ಲ. ಪ್ರೈಮ್ ಆಗುತ್ತಿಲ್ಲ. ಎಲ್ಲೋ ಗಾಳಿ ಎಳೆಯುತ್ತಿದೆ. ಸಕ್ಷನ್ ಅಂದರೆ ಇಷ್ಟೇ: ಪಂಪು ಕೊಳವೆಯೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೂ ಆಟ ಮುಗಿಯಿತು. ಕಪ್ಲಿಂಗ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಒಣಗಿ ಸೀಳಿತ್ತು. ನಮ್ಮ ಪ್ರಮುಖ ಅಗ್ನಿಶಾಮಕ ಅದನ್ನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ವಾರಕ್ಕೊಮ್ಮೆ ಪಂಪ್ ಚಾಲೂ ಮಾಡಿ ಪುಸ್ತಕದಲ್ಲಿ ಬರೆಯುತ್ತಿದ್ದೆವು. ನೀರು ಎಳೆಸಿ ನೋಡಿ ಎಷ್ಟು ತಿಂಗಳಾಗಿತ್ತೋ. ಒಬ್ಬ ಹಮಾಲ ಹುಡುಗ ತನ್ನ ಸೈಕಲ್ಲಿನ ಹಳೆಯ ಟ್ಯೂಬ್ ತಂದ. ಅದನ್ನು ಕತ್ತರಿಸಿ, ಎರಡು ಪದರ ಮಡಚಿ, ಒಳಗೆ ಕೂರಿಸಿ ಬಿಗಿದೆವು.

ಈ ಸಲ ಏರಿತು. ಆದರೆ ಅರ್ಧ ನಿಮಿಷಕ್ಕೆ ಮತ್ತೆ ಉಸಿರು ಕಟ್ಟಿತು. ಹೊಂಡದ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನೇ ಸ್ಟ್ರೇನರ್, ಅಂದರೆ ಸಕ್ಷನ್ ಹೋಸಿನ ತುದಿಯ ಜಾಲರಿ, ಎಳೆದುಕೊಂಡಿತ್ತು. ಹಾಳೆ ಹರಿದರೆ ರೈತನ ಹೊಂಡ ಹಾಳು, ನಮಗೂ ನೀರಿಲ್ಲ. ಆಗ ಅದೇ ಹಿರಿಯರು ಬದುವಿನ ಮೇಲಿದ್ದ ಬಿದಿರಿನ ಬುಟ್ಟಿ ತಂದರು, ಹತ್ತಿ ಬಿಡಿಸುವವರು ಬಿಟ್ಟುಹೋದದ್ದು. ಸ್ಟ್ರೇನರ್ ಅನ್ನು ಬುಟ್ಟಿಯೊಳಗಿಟ್ಟು ಹಗ್ಗದಿಂದ ಕಟ್ಟಿ, ಮೇಲ್ಮೈಯಿಂದ ಮೊಳ ಆಳಕ್ಕೆ ತೂಗುಬಿಟ್ಟೆವು. ಸ್ಟ್ರೇನರಿಗೆ ಬುಟ್ಟಿ ಕಟ್ಟಬೇಕು ಎಂದು ನಮ್ಮ ತರಬೇತಿಯಲ್ಲೇ ಇದೆ. ನಮ್ಮ ಗಾಡಿಯಲ್ಲಿ ಇರಲಿಲ್ಲ.

2 ಗಂಟೆ 50 ನಿಮಿಷಕ್ಕೆ ಹೊಂಡದ ನೀರು ನಮ್ಮ ಗಾಡಿಯ ಟ್ಯಾಂಕಿಗೆ ಬಿತ್ತು. ನಿಮಿಷಕ್ಕೆ 275 ಲೀಟರ್ ಎಳೆಯುವ ಪುಟ್ಟ ಪಂಪದು. ಒಂದು ಜೆಟ್ಟಿಗೆ ಬೇಕಾದ್ದರಲ್ಲಿ ಅರ್ಧವೂ ಅಲ್ಲ. ಆದರೆ ನಿಲ್ಲದೆ ಬರುತ್ತಿತ್ತು. ಹೋಸ್ ರೀಲಿಗೆ ಅದು ಧಾರಾಳ. ಐದು ನಿಮಿಷದಲ್ಲಿ ಪಕ್ಕದ ತಾಲ್ಲೂಕಿನ ಗಾಡಿಯೂ ಬಂತು. ಅದನ್ನು ಗೋದಾಮಿನ ಹಿಂಭಾಗಕ್ಕೆ ನಿಲ್ಲಿಸಿದೆ.

ಇಷ್ಟರಲ್ಲಿ ಮಾಲೀಕರು ಮತ್ತು ಹಮಾಲರು ಕೊಕ್ಕೆ ಹಾಕಿ ಗೋಡೆ ಪಕ್ಕದ ಬೇಲ್‌ಗಳನ್ನು ಎಳೆದು ಬಯಲಿಗೆ ಉರುಳಿಸುತ್ತಿದ್ದರು. ನಲವತ್ತಕ್ಕೂ ಜಾಸ್ತಿ ಬೇಲ್ ಹೊರಗೆ ಬಂದವು. ಗೋಡೆಗೂ ಉಳಿದ ಸಾಲಿಗೂ ನಡುವೆ ಎರಡು ಆಳಿನ ಅಗಲದ ಓಣಿ ಬಿಟ್ಟುಕೊಂಡಿತು. ಕಿಂಡಿಯ ಮರದ ಬಾಗಿಲು ಸುಟ್ಟು ಬಿದ್ದಾಗ ಬೆಂಕಿಗೆ ಆ ಕಡೆ ತಿನ್ನಲು ಏನೂ ಇರಲಿಲ್ಲ.

ಸಂಜೆ ಆರಕ್ಕೆ ಅರಳೆ ಹಾಲಿನ ತಗಡಿನ ಮಾಡು ಕುಸಿದಿತ್ತು, ಗುಡ್ಡೆ ಬೂದಿಯಾಗಿತ್ತು. ಪ್ರೆಸ್ ಉಳಿಯಿತು. ಗೋದಾಮು ಉಳಿಯಿತು. ಇಬ್ಬರು ಕೆಲಸಗಾರರಿಗೆ ಕೈ ಸುಟ್ಟಿತ್ತು, ಆಸ್ಪತ್ರೆಗೆ ಕಳಿಸಿದೆವು, ಗುಣವಾದರು. ಯಾರ ಜೀವವೂ ಹೋಗಲಿಲ್ಲ.

ಬೆಳಗಿನ ಜಾವ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಅಷ್ಟೇನೂ ಇರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಒಂದು ಹಳ್ಳಿಯಿಂದ ಬಣವೆಗೆ ಬೆಂಕಿ ಎಂದು ಕರೆ ಬಂತು. ಪಕ್ಕದ ತಾಲ್ಲೂಕಿನವರು ಆಗಲೇ ಹೊರಟುಹೋಗಿದ್ದರು. ಮಿಲ್ಲಿನಲ್ಲಿ ಹೊಗೆ ಇಲ್ಲ, ಬಯಲಿನ ಬೇಲ್‌ಗಳು ಒದ್ದೆಯಾಗಿ ತಣ್ಣಗಿವೆ. ನಾನು ಕೈಯಿಂದ ಮುಟ್ಟಿ ನೋಡಿದೆ. ವಾಚ್‌ಮನ್‌ಗೆ ಹೇಳಿ ಗಾಡಿ ತೆಗೆಸಿದೆ. ನಾಲ್ಕೂವರೆಗೆ ಫೋನ್. ಬಯಲಿನ ಬೇಲ್‌ಗಳಲ್ಲಿ ಎರಡು ಹೊತ್ತಿಕೊಂಡಿದ್ದವು. ಅದಕ್ಕಿಂತ ಕೆಟ್ಟದ್ದು, ಗೋದಾಮಿನೊಳಗೆ ಹಿಂದಿನ ಸಾಲಿನ ಒಂದು ಬೇಲ್ ಒಳಗೊಳಗೇ ಹೊಗೆಯಾಡುತ್ತಿತ್ತು. ಹಗಲು ಯಾವಾಗಲೋ ಒಂದು ಕಿಡಿ ಅದರ ಸಂದಿಗೆ ಬಿದ್ದಿರಬೇಕು.

ಪ್ರತಿ ವರ್ಷ ಏಪ್ರಿಲ್ 14ರಂದು ನಾವು ಅಗ್ನಿಶಾಮಕ ಸೇವಾ ದಿನ ಮಾಡುತ್ತೇವೆ. 1944ರಲ್ಲಿ ಅದೇ ದಿನ ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸ್ಫೋಟಿಸಿ, ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕರು ಸತ್ತರು. ಶಾಲೆಗಳಲ್ಲಿ, ಮಿಲ್ಲುಗಳಲ್ಲಿ ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಸ್ಫೋಟಕದ ಹಡಗು ಎಂದೇ ಹೇಳುತ್ತಿದ್ದೆ. ಆ ಹಡಗಿನಲ್ಲಿ ಸ್ಫೋಟಕದ ಜೊತೆ ಸಾವಿರಾರು ಹತ್ತಿ ಬೇಲ್ ಇದ್ದವು. ಬೆಂಕಿ ಕಂಡದ್ದು ಹತ್ತಿ ಇದ್ದ ಅಂಕಣದಲ್ಲಿ. 900 ಟನ್‌ಗೂ ಹೆಚ್ಚು ನೀರು ಸುರಿದರೂ ಆರಲಿಲ್ಲ. ದಟ್ಟ ಹೊಗೆಯಲ್ಲಿ ಬೆಂಕಿಯ ಬುಡ ಎಲ್ಲಿದೆ ಎಂದು ಸಿಗಲಿಲ್ಲ. ನಮ್ಮ ಸೇವೆಯ ದೊಡ್ಡ ದುಃಖದ ನಡುವೆ ಹತ್ತಿ ಬೇಲ್ ಇದೆ. ಅದನ್ನು ವರ್ಷಾ ವರ್ಷ ನೆನೆಯುವ ನಾನು, ಹತ್ತಿ ಬೇಲ್ ಮುಟ್ಟಿ ನೋಡಿ, ತಣ್ಣಗಿದೆ ಎಂದು ಎದ್ದು ಹೋದೆ.

ಬೇಲ್ ಹೊರಗೆ ತಣ್ಣಗಿದ್ದರೆ ಏನೂ ಹೇಳಿದ ಹಾಗಲ್ಲ. ಬಿಗಿಯಾಗಿ ಒತ್ತಿದ ಹತ್ತಿಯೊಳಗೆ ಕೆಂಡ ಬತ್ತಿಯ ಹಾಗೆ ನಿಧಾನವಾಗಿ ಕೊರೆದುಕೊಂಡು ಹೋಗುತ್ತದೆ. ಕಚ್ಚಾ ಹತ್ತಿಯ ಎಳೆಗೆ ಮೇಣದ ಸ್ವಭಾವದ ಒಂದು ತೆಳು ಲೇಪ ಇರುತ್ತದೆ, ನೀರು ಜಾರಿಹೋಗುತ್ತದೆ. ಹೊರಗೆ ಸುರಿದದ್ದು ಒಳಗೆ ಇಳಿಯುವುದಿಲ್ಲ.

ಆ ಬೆಳಗ್ಗೆ ನಾವು ಮಾಡಿದ್ದು: ಅನುಮಾನ ಇದ್ದ ಒಂದೊಂದು ಬೇಲನ್ನೂ ಬಯಲಿಗೆ ತಂದು, ಒಂದಕ್ಕೊಂದು ತಾಗದ ಹಾಗೆ ಇಟ್ಟೆವು. ಹೋಸ್ ಸಿದ್ಧ ಹಿಡಿದುಕೊಂಡೇ ಬೇಲ್ ಬಿಗಿದಿದ್ದ ಪಟ್ಟಿ ಕತ್ತರಿಸಿದೆವು. ಯಾಕೆಂದರೆ ಪಟ್ಟಿ ಬಿಟ್ಟ ಕೂಡಲೇ ಬೇಲ್ ಬಾಯಿ ತೆರೆಯುತ್ತದೆ, ಗಾಳಿ ಸಿಕ್ಕಿ ಭುಗ್ ಅನ್ನುತ್ತದೆ. ಪದರ ಪದರ ಬಿಡಿಸಿ ನೆನೆಸಿದೆವು. ಕಿರಾಣಿ ಅಂಗಡಿಯಿಂದ ಬಟ್ಟೆ ಸೋಪಿನ ಪುಡಿ ತರಿಸಿ ಡ್ರಮ್ಮಿನಲ್ಲಿ ಕಲಸಿ ಕೊಡದಲ್ಲಿ ಹೊಯ್ದೆವು. ಸೋಪು ಸೇರಿದ ನೀರು ಹತ್ತಿಯೊಳಗೆ ಇಳಿಯಿತು. ನಾಲ್ಕು ದಿನ, ಹಗಲು ರಾತ್ರಿ, ಪಾಳಿಯ ಮೇಲೆ ಒಬ್ಬ ಅಗ್ನಿಶಾಮಕ ಮತ್ತು ಇಬ್ಬರು ಹಮಾಲರು ಕಾವಲಿದ್ದರು. ಮೂರನೇ ದಿನವೂ ಒಂದು ಬೇಲ್ ಹೊಗೆ ಬಿಟ್ಟಿತು.

ಆಮೇಲೆ

ಎರಡು ವಾರದ ನಂತರ ಒಂದು ಸಭೆ ಆಯಿತು. ನಗರಸಭೆ, ವಿದ್ಯುತ್ ಕಂಪನಿ, ನೀರಾವರಿಯವರು, ಮಿಲ್ ಮಾಲೀಕರು, ಟ್ಯಾಂಕರ್‌ನವರು. ನನ್ನ ಒತ್ತಾಯಕ್ಕೆ ಆ ಹಿರಿಯ ಹಮಾಲರನ್ನೂ ಕರೆಸಿದೆವು. ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸಭೆಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಮಾತು ಅವರದೇ. ಯಾವ ಹೊಲದಲ್ಲಿ ಹೊಂಡ, ಯಾವ ಬಾವಿಗೆ ಬೇಸಿಗೆಯಲ್ಲೂ ನೀರು, ಯಾವ ಬದು ಗಟ್ಟಿ, ಎಲ್ಲ ಬೆರಳಲ್ಲಿ ಎಣಿಸಿದರು. ಅವರು ಹೇಳುತ್ತಾ ಹೋದರು, ನಮ್ಮ ಹುಡುಗನೊಬ್ಬ ಡ್ರಾಯಿಂಗ್ ಹಾಳೆಯಲ್ಲಿ ನಕ್ಷೆ ಬರೆದ. ಅದು ಠಾಣೆಯ ವಾಚ್ ರೂಮಿನ ಗೋಡೆಗೆ ಬಂತು.

ಕಪ್ಲಿಂಗಿನ ಸಮಸ್ಯೆ ಬಗೆಹರಿದದ್ದು ಒಂದು ಲೇತ್ ಅಂಗಡಿಯಲ್ಲಿ. ಟ್ಯಾಂಕರ್ ಪೈಪಿನ ಬಾಯಿಗೆ ಒಂದು ಕಡೆ, ನಮ್ಮ 63 ಮಿ.ಮೀ. ಕಪ್ಲಿಂಗಿಗೆ ಇನ್ನೊಂದು ಕಡೆ ಹೊಂದುವ ತುಂಡುಗಳನ್ನು ಮಾಡಿಸಿದೆವು. ಅವನ್ನು ಗಾಡಿಯ ಲಾಕರಿನಲ್ಲಿಟ್ಟೆವು. ಇಡೀ ಪ್ರಕರಣದಲ್ಲಿ ಕಮ್ಮಿ ಖರ್ಚಿನಲ್ಲಿ ಹೆಚ್ಚು ಫಲ ಕೊಟ್ಟ ಕೆಲಸ ಇದು. ವಾಲ್ವ್ ಕೀಲಿಯ ಒಂದು ಜೊತೆ ಠಾಣೆಗೆ ಬಂತು. ಇದಕ್ಕೆ ಮಾತ್ರ ನಾಲ್ಕು ತಿಂಗಳು ಕಾಗದ ಓಡಾಡಿತು.

ಮಿಲ್ಲಿನವರು ಹೈಡ್ರಂಟ್ ಪಂಪಿನ ಕರೆಂಟನ್ನು ಮೇನ್‌ಗಿಂತ ಮೊದಲೇ ಬೇರೆ ಎಳೆಸಿದರು. ಜೊತೆಗೆ ಒಂದು ಡೀಸೆಲ್ ಪಂಪ್ ಇಟ್ಟರು. ಹತ್ತಿ ಒಳಗೆ ಹೋಗುವ ದಾರಿಯಲ್ಲಿ ಕಬ್ಬಿಣ ಹಿಡಿಯುವ ಆಯಸ್ಕಾಂತ ಕೂರಿಸಿದರು. ಫ್ಯಾನಿನ ಸ್ವಿಚ್ಚನ್ನು ಎಲ್ಲರಿಗೂ ಕಾಣುವ ಕಡೆ ತಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿದರು. ವಾಚ್ ರೂಮಿನಲ್ಲಿ ಫೋನ್ ಎತ್ತುವವರಿಗೆ ನಾನು ಒಂದೇ ನಿಯಮ ಹಾಕಿದೆ: ಮಿಲ್ ಎಂದರೆ ಮಾಲೀಕರ ಹೆಸರು ಸಾಲದು, ಎದುರಿಗೆ ಏನಿದೆ ಕೇಳಿ, ಗಾಡಿ ಹೊರಟ ಮೇಲೆ ಅದೇ ನಂಬರಿಗೆ ವಾಪಸ್ ಫೋನ್ ಮಾಡಿ. ನಮ್ಮ ತಪಾಸಣೆ ಕೂಡ ಬದಲಾಯಿತು. ಈಗ ಮೊದಲು ಮೇನ್ ಆಫ್, ಆಮೇಲೆ 'ನೀರು ತೋರಿಸಿ'. ಆ ವರ್ಷ ಅನೇಕ ಮಿಲ್ಲುಗಳಲ್ಲಿ ನೀರು ಬರಲಿಲ್ಲ.

ಕೆಲವು ಉಳಿಯಲಿಲ್ಲ. ಸಭೆಯ ದಿನ ಮಾಡಿದ ವಾಟ್ಸಾಪ್ ಗುಂಪು ಆರು ತಿಂಗಳಿಗೆ ಹಬ್ಬದ ಶುಭಾಶಯದ ಗುಂಪಾಯಿತು. ಅಧಿಕಾರಿಗಳು ವರ್ಗವಾದಂತೆ ಫೋನ್ ನಂಬರುಗಳು ಹಳೆಯದಾದವು. ನಕ್ಷೆಯ ಮೇಲೆ ನಂಬಿಕೆ ಇಟ್ಟು ಮರುವರ್ಷ ಮೇ ತಿಂಗಳಲ್ಲಿ ಒಂದು ಬಣವೆ ಬೆಂಕಿಗೆ ಹೋದಾಗ, ಗುರುತು ಹಾಕಿದ್ದ ಹೊಂಡ ಒಣಗಿ ಬಿರುಕು ಬಿಟ್ಟಿತ್ತು. ಹತ್ತಿ ಸೀಸನ್ನಿನಲ್ಲಿ ತುಂಬಿದ ಹೊಂಡ ಬೇಸಿಗೆಗೆ ಇರುತ್ತದೆ ಎಂದು ನಾವು ಅಂದುಕೊಂಡದ್ದೇ ತಪ್ಪು. ಆ ದಿನ ಬಣವೆ ಪೂರ್ತಿ ಹೋಯಿತು. ಆ ರೈತನ ಮುಖ ನೋಡಲಾಗಲಿಲ್ಲ. ದನಗಳಿಗೆ ಮಳೆ ಬರುವ ತನಕ ಇದ್ದ ಮೇವು ಅದೊಂದೇ.

ಆ ಮೇಲೆ ಒಬ್ಬ ಕಿರಿಯ ಅಗ್ನಿಶಾಮಕನಿಗೆ ನೀರಿನ ಲೆಕ್ಕವನ್ನೇ ಕೆಲಸವಾಗಿ ವಹಿಸಿದೆವು. ತಿಂಗಳ ಮೊದಲ ಸೋಮವಾರ ಅವನು ಮೋಟಾರ್ ಸೈಕಲ್ಲಿನಲ್ಲಿ ಹೊರಡುತ್ತಾನೆ. ಹೊಂಡ, ಬಾವಿ, ಕಾಲುವೆ ಸುತ್ತಿ ನೋಡಿ ಬರುತ್ತಾನೆ. ಕೋಲು ಇಳಿಸಿ ಆಳ ಅಳೆಯುತ್ತಾನೆ. ಹೊಲದವರ ಹತ್ತಿರ ಎರಡು ಮಾತಾಡಿ ನಂಬರ್ ಸರಿ ಇದೆಯಾ ಕೇಳುತ್ತಾನೆ. ನಕ್ಷೆಯಲ್ಲಿ ಮೊದಲು ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದ ಗುರುತುಗಳನ್ನು ಅವನು ಪೆನ್ಸಿಲ್ಲಿಗೆ ಬದಲಾಯಿಸಿದ. ಪಕ್ಕದಲ್ಲಿ ಒಂದು ರಬ್ಬರನ್ನು ದಾರ ಕಟ್ಟಿ ತೂಗುಹಾಕಿದ್ದಾನೆ.